ಗಣಿತದ ವಾಟ್ನಿ

ಫೆಬ್ರವರಿ ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ನಾನು ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹತ್ತನೇ ತರಗತಿಯ ಮಕ್ಕಳ ಅಪ್ಪ, ಅವ್ವ, ಸೋದರಮಾವ, ಒಮ್ಮೊಮ್ಮೆ ಮುಖವನ್ನೇ ನೋಡಿರದ ಮುಧೋಳ ಕಡೆಯ ಮಂದಿ, ಯಾರೇ ಫೋನು ಮಾಡಲಿ, ಕೇಳುವುದು ಒಂದೇ: "ಮ್ಯಾಡಮ್, ಗಣಿತದಾಗ ಇಂಪಾರ್ಟೆಂಟ್ ಪಾಠ ಯಾವ್ಯಾವ ಅದಾವ್ರೀ? ಅಷ್ಟ ಹೇಳಿಬಿಡ್ರಿ." ಅವರ ಹಿಂದೆ ಮಗ್ಗ ಖಟಖಟ ಎನ್ನುತ್ತಿರುತ್ತದೆ. ಆ ಸದ್ದಿನ ಮೇಲೆ ಅವರು ಕೂಗಿ ಕೇಳುತ್ತಾರೆ, ನಾನೂ ಕೂಗಿಯೇ ಹೇಳಬೇಕು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲೆಲ್ಲ ಎಲ್ಲಾ ಪಾಠವೂ ಇಂಪಾರ್ಟೆಂಟ್ ಎಂದು ಹೇಳಿ ಫೋನು ಇಟ್ಟುಬಿಡುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. "ಯಾರಿಗೆ ಇಂಪಾರ್ಟೆಂಟ್?" ಎಂದು ತಿರುಗಿ ಕೇಳುತ್ತೇನೆ. ಆ ಕಡೆಯವರು ಮ್ಯಾಡಮ್ಮಿಗೆ ಬಿಸಿಲು ತಲೆಗೇರಿದೆ ಎಂದುಕೊಳ್ಳುತ್ತಾರೋ ಏನೋ. ಆದರೆ ಆ ಪ್ರಶ್ನೆ ನನ್ನದಲ್ಲ, ನನ್ನ ಅಕ್ಕನದು. ಬಿ.ಇಡಿ.ಯಲ್ಲಿ ನನಗೆ ಕಲಿಸಿದವರು ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ಹಿಪ್ಪರಗಿ ಬ್ಯಾರೇಜಿನಿಂದ ಸ್ವಲ್ಪ ದೂರದ ಊರಿನಲ್ಲಿ ನಮ್ಮ ಮನೆ. ಆಗ ದೊಡ್ಡಪ್ಪ, ನನ್ನ ಅಪ್ಪ, ಅವರ ಅಪ್ಪ ಮುತ್ಯಾ ಎಲ್ಲರದೂ ಒಂದೇ ಒಲೆ, ಒಂದೇ ಪಡಸಾಲೆ. ಹಿತ್ತಲ ಬಾಗಿಲು ತೆಗೆದರೆ ದನದ ಕೊಟ್ಟಿಗೆ, ಕೊಟ್ಟಿಗೆ ದಾಟಿದರೆ ಕಬ್ಬು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ಆದರೂ ನಾವಿಬ್ಬರೂ ಒಂದೇ ತರಗತಿಯಲ್ಲಿದ್ದೆವು. ಅವಳು ಎಂಟನೆಯಲ್ಲಿದ್ದಾಗ ದೊಡ್ಡವ್ವನಿಗೆ ಲಕ್ವಾ ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋದವು. ಅವ್ವನನ್ನು ಎಬ್ಬಿಸಿ ಕೂರಿಸುವುದು, ಎಮ್ಮೆಗಳನ್ನು ನೋಡುವುದು, ಎರಡೂ ಅವಳ ಪಾಲಿಗೆ ಬಂದವು. ದೊಡ್ಡವ್ವ ಕೋಲು ಹಿಡಿದು ನಡೆಯುವಂತಾದ ಮೇಲೆ ಅವಳು ಮತ್ತೆ ಶಾಲೆಗೆ ಬಂದು ನನ್ನ ಹಿಂದಿನ ಬೆಂಚಿನಲ್ಲಿ ಕುಳಿತಳು. ತನಗಿಂತ ಚಿಕ್ಕ ಹುಡುಗಿಯರ ನಡುವೆ ಕೂರಲು ನಾನಾಗಿದ್ದರೆ ನಾಚಿ ಸಾಯುತ್ತಿದ್ದೆ. ಅವಳು ಮೊದಲ ದಿನವೇ ಡಬ್ಬಿಯಲ್ಲಿ ಎಲ್ಲರಿಗೂ ಆಗುವಷ್ಟು ಗಿಣ್ಣ ತಂದಿದ್ದಳು.

ಶಾಲೆಗೆ ಮರಳಿದರೂ ಎಮ್ಮೆಗಳು ಅವಳನ್ನು ಬಿಡಲಿಲ್ಲ. ಮುಂಜಾನೆ ಸಗಣಿ ಬಳಿದು, ಹಿಂಡಿ ಕಲಸಿಟ್ಟು, ಹಾಲು ಹಿಂಡಿ ಡೈರಿಗೆ ಹಾಕಿ ಬಂದ ಮೇಲೆಯೇ ಅವಳ ಜಡೆ. ದೊಡ್ಡಪ್ಪನಿಗೆ ಕಬ್ಬು, ಟ್ರ್ಯಾಕ್ಟರ್, ಕಾರ್ಖಾನೆಯ ಗೇಟಿನ ಮುಂದಿನ ಸಾಲು, ಇಷ್ಟೇ ಜಗತ್ತು. ಎಮ್ಮೆಯ ಕೆಚ್ಚಲಿಗೆ ಅವನು ಒಂದು ದಿನವೂ ಕೈ ಹಚ್ಚಿದವನಲ್ಲ. ಕೆಟ್ಟವನೇನಲ್ಲ, ಆದರೆ ಒಮ್ಮೆ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳುವವನೂ ಅಲ್ಲ. "ಹತ್ತನೇತ್ತಾ ಮುಗೀಲಿ, ಸಾಕು. ಆಮ್ಯಾಲ ಎಮ್ಮಿ ಯಾರ ನೋಡಬೇಕು?" ಎಂದು ಅವನು ಎಲ್ಲರೆದುರು ಹೇಳಿಯಾಗಿತ್ತು.

ಅಕ್ಕನ ಆಸೆ ನನಗೊಬ್ಬಳಿಗೇ ಗೊತ್ತಿತ್ತು. ಒಂದು ಎಮ್ಮೆ ಈಯಲಾರದೆ ಒದ್ದಾಡಿದಾಗ ಬಂದಿದ್ದ ದನದ ಡಾಕ್ಟರು, ಅವಳು ಹೆದರದೆ ಹಗ್ಗ ಹಿಡಿದು ನಿಂತಿದ್ದನ್ನು ನೋಡಿ, ಈ ಹುಡುಗಿಯನ್ನು ಇದೇ ಓದಿಸಿರಿ ಎಂದು ಹೋಗಿದ್ದರು. ಮನೆಯವರು ಅದನ್ನು ಹೊಗಳಿಕೆ ಎಂದುಕೊಂಡು ಅಲ್ಲಿಗೇ ಬಿಟ್ಟರು. ಅವಳು ಬಿಡಲಿಲ್ಲ. ಮುಂದಿನ ಸಲ ಅವರು ಲಸಿಕೆ ಹಾಕಲು ಬಂದಾಗ ಬೆನ್ನು ಹತ್ತಿ ಎಲ್ಲವನ್ನೂ ಕೇಳಿಕೊಂಡಳು. ಹತ್ತನೆಯ ನಂತರ ಪಶುಸಂಗೋಪನೆಯ ಡಿಪ್ಲೊಮಾ ಇದೆ, ಎರಡು ವರ್ಷ, ಸೀಟು ಸಿಗುವುದು ಅಂಕದ ಮೇಲೆ, ಹಾಸ್ಟೆಲ್ ಉಂಟು. ಹಿಂದಿನ ವರ್ಷ ಕೊನೆಯ ಸೀಟು ಎಷ್ಟಕ್ಕೆ ನಿಂತಿತ್ತು ಎಂಬುದನ್ನೂ ಅವರ ಕಡೆಯಿಂದಲೇ ತಿಳಿದುಕೊಂಡಳು. ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ನನಗೆ ಹೇಳಿದಳು.

"ಯಾರ ಮುಂದೂ ಬಾಯಿ ಬಿಡಬ್ಯಾಡ ನೋಡು. ಮಾರ್ಕ್ಸ್ ಕೈಯಾಗ ಬಂದ ಮ್ಯಾಲ ಅಪ್ಪಗ ನಾನ ಹೇಳ್ತೀನಿ. ಈಗ ಹೇಳಿದ್ರ ಬರೇ ಮಾತಾಕ್ಕೈತಿ."

ಅದೇ ಚಳಿಗಾಲದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಕ್ಕ ಗಣಿತದಲ್ಲಿ ನಪಾಸಾದಳು. ಕನ್ನಡ, ವಿಜ್ಞಾನ, ಸಮಾಜ ಎಲ್ಲದರಲ್ಲೂ ಒಳ್ಳೆಯ ಅಂಕ. ಗಣಿತ ಮಾತ್ರ ನೆಲ ಕಚ್ಚಿತ್ತು. ಎರಡು ವರ್ಷ ಬಿಟ್ಟದ್ದು ಬೇರೆ ವಿಷಯಗಳಲ್ಲಿ ಕಾಣುತ್ತಿರಲಿಲ್ಲ, ಗಣಿತದಲ್ಲಿ ಹೆಜ್ಜೆಹೆಜ್ಜೆಗೂ ಕಾಣುತ್ತಿತ್ತು. ಮುಖ್ಯ ಪರೀಕ್ಷೆಯಲ್ಲೂ ಹೀಗೇ ಆದರೆ ಸೀಟು ದೂರದ ಮಾತು, ದೊಡ್ಡಪ್ಪನೆದುರು ಬಾಯಿ ತೆರೆಯುವ ಧೈರ್ಯವೂ ಉಳಿಯುತ್ತಿರಲಿಲ್ಲ.

ನಮ್ಮ ಶಾಲೆಯ ಗಣಿತದ ಸರ್ ಹಿಂದುಳಿದವರಿಗೆಲ್ಲ ಒಂದು ಝೆರಾಕ್ಸ್ ಹಾಳೆ ಹಂಚಿದರು. ಪಾಸಿಂಗ್ ಪ್ಯಾಕೇಜ್ ಎಂದು ಅದಕ್ಕೆ ಹೆಸರು. ಅಷ್ಟನ್ನು ಕಲಿತರೆ ಪಾಸು ಖಾತ್ರಿ. ಆದರೆ ಅಕ್ಕನಿಗೆ ಬರೀ ಪಾಸು ಸಾಲದು. ಎಲ್ಲ ವಿಷಯ ಕೂಡಿಸಿ, ಕೊನೆಯ ಸೀಟಿನ ಅಂಕದಿಂದ ಕಳೆದು, ಗಣಿತದಲ್ಲಿ ನೂರಕ್ಕೆ ಅರವತ್ತು ಬಂದರೆ ಸಾಕು ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ಅರವತ್ತಕ್ಕೆ ಯಾವ ಪ್ಯಾಕೇಜೂ ಇರಲಿಲ್ಲ.

ಇನ್ನೊಂದು ಕಡೆ ನಮ್ಮ ತರಗತಿಯಲ್ಲಿ ಪ್ರಶ್ನೆಪತ್ರಿಕೆಗಳ ಹುಚ್ಚು ಹತ್ತಿತ್ತು. ಒಂದೊಂದು ತಾಲೂಕಿನಲ್ಲಿ ಒಂದೊಂದು ಪೂರ್ವಸಿದ್ಧತಾ ಪತ್ರಿಕೆ. ಜಮಖಂಡಿಯದು ಎಲ್ಲರ ಹತ್ತಿರವೂ ಇತ್ತು, ಮುಧೋಳದ್ದು ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಿತ್ತು, ಬೀಳಗಿಯದು ಸಿಕ್ಕವಳೇ ರಾಣಿ. ಅನಗವಾಡಿಯಲ್ಲಿ ಅತ್ತೆಯ ಮನೆಯಿದ್ದ ಒಬ್ಬ ಹುಡುಗಿ ಬೀಳಗಿಯ ಪತ್ರಿಕೆ ತರಿಸಿಕೊಂಡು ಒಂದು ವಾರ ಯಾರಿಗೂ ತೋರಿಸದೆ ಮೆರೆದಳು. ಈ ಸಲದ ಪತ್ರಿಕೆ ತೆಗೆಯುವವರು ಆ ಕಡೆಯವರಂತೆ ಎಂಬ ಸುದ್ದಿ ಬೇರೆ. ಹೇಳಿದವರು ಯಾರು ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ಗಣಿತದಲ್ಲಿ ಮುಂದಿದ್ದ ನಾನೂ ಆ ಪತ್ರಿಕೆಗಾಗಿ ಅವಳಿಗೆ ಎರಡು ದಿನ ಚಾಕಲೇಟು ತಿನ್ನಿಸಿದೆ.

ಅಕ್ಕನಿಗೆ ಗಣಿತ ಹೇಳಿಕೊಡುವ ಕೆಲಸ ನನಗೆ ಬಿತ್ತು. ಒಂದನೇ ಪಾಠದಿಂದ ಶುರು ಮಾಡಿದೆ, ಪುಸ್ತಕ ಇರುವುದೇ ಹಾಗಲ್ಲವೇ? ಸಮಾಂತರ ಶ್ರೇಢಿಯ ಮೊದಲ ಅಭ್ಯಾಸದ ಮೊದಲ ಲೆಕ್ಕ, ಎರಡನೇ ಲೆಕ್ಕ, ಮೂರನೆಯದು, ಒಂದನ್ನೂ ಬಿಡಬಾರದು. ವಾರ ಕಳೆಯಿತು, ನಾವು ಇನ್ನೂ ಅದೇ ಪಾಠದಲ್ಲಿದ್ದೆವು. ಅವಳು ತಪ್ಪಿದಲ್ಲೆಲ್ಲ ನಾನು ಪೆನ್ಸಿಲ್ ಕುಟ್ಟುತ್ತಿದ್ದೆ. ಒಂದು ರವಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ಜಗಳ ಜೋರಾಯಿತು.

"ಹಿಂಗಾದ್ರ ಪರೀಕ್ಷಿ ಬರೂದ್ರಾಗ ಎರಡನೇ ಪಾಠಾನೂ ಮುಗಿಯೂದಿಲ್ಲ," ಎಂದಳು ಅಕ್ಕ.

"ನೀ ಲಗೂನ ಕಲೀ, ಮುಗೀತೈತಿ," ಎಂದೆ ನಾನು.

"ನಾ ಏನ ಯಂತ್ರ ಅದೀನೇನ ಬೇ?"

ಮೂಲೆಯ ಮಂಚದ ಮೇಲೆ ಮಲಗಿದ್ದ ಮುತ್ಯಾ ಎದ್ದು ಕುಳಿತ. ಅವನನ್ನು ಸುತ್ತಲಿನ ಊರುಗಳವರು ವಾಟ್ನಿಗೆ ಕರೆಯುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ-ಮನೆ ಪಾಲು ಮಾಡಿಕೊಳ್ಳುವುದಕ್ಕೆ ನಮ್ಮ ಕಡೆ ವಾಟ್ನಿ ಎನ್ನುತ್ತಾರೆ. ಎಷ್ಟೋ ಮನೆಗಳು ಕೋರ್ಟಿನ ಮೆಟ್ಟಿಲು ಹತ್ತದೆ ಉಳಿದಿದ್ದು ಅವನಿಂದ.

"ಯಾಕ ಬಡಿದಾಡಾಕತ್ತೀರಿ?" ಎಂದ. "ಇಬ್ಬರಿಗೂ ಕೂಡಿ ಬಾಳೂದು ಆಗವಲ್ದು. ವಾಟ್ನಿ ಮಾಡಿಕೊಂಡಬಿಡ್ರಿ."

ನಾನು ನಕ್ಕೆ. ಮುತ್ಯಾನೂ ತಮಾಷೆಗೇ ಹೇಳಿದ್ದ. ಅಕ್ಕ ನಗಲಿಲ್ಲ.

"ಹೆಂಗ ಮಾಡ್ತಾರ ಮುತ್ಯಾ ವಾಟ್ನಿ?" ಎಂದು ಕೇಳಿದಳು.

"ಹಿರ್ಯಾ ಅದಾನಲ್ಲ, ಅವ ಪಾಲ ಹಾಕಬೇಕು. ಕಿರ್ಯಾ ಮೊದಲ ಆರಿಸಿಕೊಳ್ಳಬೇಕು. ಉಳಿದದ್ದು ಹಿರ್ಯಾಂದು. ಹಂಗಂದ್ರ ಹಿರ್ಯಾ ಮೋಸ ಮಾಡಂಗಿಲ್ಲ. ಒಂದ ಪಾಲ ಛಲೋ, ಒಂದ ಪಾಲ ಕೆಟ್ಟ ಹಾಕಿದ್ರ ಕೆಟ್ಟದ್ದು ಅವನ ಕೊರಳಿಗೇ ಬರ್ತೈತಿ."

ಅಕ್ಕ ಎದ್ದು ಒಳಗೆ ಹೋದಳು. ಹಿಂದಿನ ವರ್ಷದ ಹುಡುಗಿಯರಿಂದ ತಂದಿದ್ದ ಹಳೆಯ ಗಣಿತ ಪುಸ್ತಕದ ಎರಡೂ ಭಾಗಗಳನ್ನು ತಂದು, ಹೊಲಿಗೆಗೆ ಬ್ಲೇಡು ಹಾಕಿ ಪಾಠ ಪಾಠವಾಗಿ ಬಿಡಿಸತೊಡಗಿದಳು. ಅಡುಗೆಮನೆಯಿಂದ ನೋಡಿದ ನನ್ನ ಅವ್ವ ಹೌಹಾರಿದಳು. "ಏ ಹುಚ್ಚಿ, ಪುಸ್ತಕಾ ಹರೀತಾರೇನ? ಸರಸ್ವತಿ ಅದು!" ಅಕ್ಕ ಎರಡೂ ಕೈ ಮುಗಿದು ಕಣ್ಣಿಗೆ ಒತ್ತಿಕೊಂಡಳು, ಮತ್ತೆ ಬ್ಲೇಡು ಹಿಡಿದಳು. ಮುತ್ಯಾನಿಗೆ ಭಾರಿ ಖುಷಿಯಾಯಿತು. ಮಂಚದಿಂದ ಇಳಿದು ಗೋಡೆಗೆ ಒರಗಿ ಕುಳಿತ.

ನಾನು ಎರಡು ನಿಮಿಷದ ಕೆಲಸ ಎಂದುಕೊಂಡಿದ್ದೆ. ಅವಳು ಆ ಮಧ್ಯಾಹ್ನವಿಡೀ ತೆಗೆದುಕೊಂಡಳು. ಮೂರು ತಾಲೂಕಿಗೂ ಸಂಬಂಧಪಟ್ಟ ಪತ್ರಿಕೆಗಳನ್ನೆಲ್ಲ, ನಾನು ಚಾಕಲೇಟು ಕೊಟ್ಟು ಗಳಿಸಿದ್ದನ್ನೂ ಸೇರಿಸಿ, ನೆಲದ ಮೇಲೆ ಹರವಿಕೊಂಡಳು. ಮುಂದಿನ ಪತ್ರಿಕೆಯಲ್ಲಿ ಏನು ಬರುತ್ತದೆ ಎಂದು ಊಹಿಸಲಿಕ್ಕಲ್ಲ. ಒಂದೊಂದು ಪಾಠವನ್ನೂ ಕೈಯಲ್ಲಿ ಹಿಡಿದು ಅದಕ್ಕೆ ಎಷ್ಟು ಬೆಲೆ ಎಂದು ತೂಗಲಿಕ್ಕೆ. ಯಾವ ಪಾಲು ನಾನು ಎತ್ತಿಕೊಳ್ಳುತ್ತೇನೋ ಅವಳಿಗೆ ಗೊತ್ತಿಲ್ಲ. ಹಾಗಾಗಿ ತನಗೆ ಬೇಕಾದ್ದನ್ನು ಒಂದು ಕಡೆ ಕೂಡಿಹಾಕುವಂತಿರಲಿಲ್ಲ, ಎರಡೂ ಕಡೆ ಸರಿ ಸರಿ ಬರಬೇಕು. ಸರಿ ಬರಬೇಕೆಂದರೆ ಪ್ರತಿ ಪಾಠದ ನಿಜವಾದ ಬೆಲೆ ಗೊತ್ತಿರಬೇಕು. ಪಾಠಕ್ಕೆ ಅದರದೇ ಒಂದು ಬೆಲೆ ಇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

ಅವಳು ಬಾಯಿಬಿಟ್ಟೇ ಯೋಚಿಸುತ್ತಿದ್ದಳು. ಪ್ರತಿ ಸಲ ಬರುತ್ತದೋ, ಅಥವಾ ಬಂದರೆ ಬಂತು ಇಲ್ಲದಿದ್ದರೆ ಇಲ್ಲವೋ? ನನಗೆ ಕಲಿಯಲು ಎರಡು ದಿನ ಬೇಕೋ, ಹದಿನೈದು ದಿನ ಬೇಕೋ? ಇವೆರಡನ್ನು ಯಾರಾದರೂ ಕೇಳಿಯಾರು. ಅವಳ ಮೂರನೆಯ ಪ್ರಶ್ನೆಯನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ, ನನ್ನ ತರಗತಿಯ ಬೋರ್ಡಿನ ಮೇಲೂ ಬರೆಯುತ್ತೇನೆ.

"ಇದನ್ನ ಅರ್ಧಾ ಮಾಡಿದ್ರ ಅರ್ಧಾ ಮಾರ್ಕ್ಸ್ ಕೊಡ್ತಾರೋ ಇಲ್ಲೋ?"

"ಹಂಗಂದ್ರ?" ಎಂದೆ.

"ನಕ್ಷೆ ನೋಡು. ಅಕ್ಷ ಎಳದ್ರ ಒಂದಿಷ್ಟು, ಕೋಷ್ಟಕ ಬರದ್ರ ಒಂದಿಷ್ಟು, ಒಂದ ಗೆರಿ ಸರಿ ಬಂದ್ರೂ ಒಂದಿಷ್ಟು. ಪ್ರಮೇಯ ಪೂರಾ ಬರಲಿಲ್ಲಂದ್ರೂ ಚಿತ್ರಕ್ಕ, ದತ್ತಕ್ಕ, ಸಾಧನೀಯಕ್ಕ ಕೊಡ್ತಾರ. ಆದ್ರ ಈ ವಾಕ್ಯದ ಲೆಕ್ಕ ಅದಾವಲ್ಲ, ಮೊದಲನೇ ಸಮೀಕರಣಾನ ತಪ್ಪಿದ್ರ ಮುಂದ ಎಲ್ಲಾ ತಪ್ಪು. ಎರಡ ಪುಟ ಬರದ್ರೂ ಕೈಗೆ ಏನೂ ಹತ್ತೂದಿಲ್ಲ."

ಮುತ್ಯಾ ತಲೆಯಾಡಿಸಿದ. "ಮಳಿ ಕಡಿಮಿ ಆದ್ರೂ ಏನರೆ ಕೊಡೂ ಹೊಲಾ ಬ್ಯಾರೆ, ಕೈ ಕೊಡೂ ಹೊಲಾ ಬ್ಯಾರೆ," ಎಂದ. "ಛಲೋ ನೋಡಾಕತ್ತಿ, ನೋಡು."

ಕಟ್ಟುಗಳು ಈ ಗುಡ್ಡೆಯಿಂದ ಆ ಗುಡ್ಡೆಗೆ, ಅಲ್ಲಿಂದ ಇಲ್ಲಿಗೆ ತಿರುಗಿದವು. ಸಂಖ್ಯಾಶಾಸ್ತ್ರ ಅವಳಿಗೆ ಇಷ್ಟದ ಪಾಠ, ಎಲ್ಲ ಪತ್ರಿಕೆಯಲ್ಲೂ ತಪ್ಪದೆ ಇತ್ತು. ಅದನ್ನು ಒಂದು ಕಡೆ ಇಟ್ಟಾಗ ತೂಕ ಸರಿಹೋಗಲೆಂದು ನಕ್ಷೆಯ ಸಮೀಕರಣಗಳನ್ನು ಇನ್ನೊಂದು ಕಡೆಗೆ ಸರಿಸಿದಳು. ರಚನೆಗೆ ಎದುರಾಗಿ ತ್ರಿಭುಜದ ಪ್ರಮೇಯ. ಶ್ರೇಢಿಗೆ ಎದುರಾಗಿ ವೃತ್ತ ಮತ್ತು ಸಂಭವನೀಯತೆ. ಸಣ್ಣಪುಟ್ಟವು ಅಲ್ಲಿಷ್ಟು ಇಲ್ಲಿಷ್ಟು. ಕೊನೆಗೆ ಒಂದೆರಡು ಕಟ್ಟು ಕೈಯಲ್ಲೇ ಉಳಿದವು. ತ್ರಿಕೋನಮಿತಿಯ ಅನ್ವಯಗಳು, ಅಂದರೆ ಗೋಪುರದ ಎತ್ತರ, ದೀಪಸ್ತಂಭದಿಂದ ಹಡಗಿನ ದೂರ ಕಂಡುಹಿಡಿಯುವ ಲೆಕ್ಕಗಳು. ಜೊತೆಗೆ ಘನಫಲದ ಕೊನೆಯ ದೊಡ್ಡ ಲೆಕ್ಕಗಳು. ಅವನ್ನು ಅವಳು ಎರಡೂ ಗುಡ್ಡೆಗೆ ಸೇರಿಸದೆ ದೂರ ಇಟ್ಟಳು.

"ಇವು ಯಾರ ಪಾಲು?" ಎಂದೆ.

"ಯಾರದೂ ಅಲ್ಲ. ನಾ ಬಿಟ್ಟೀನಿ."

"ಹುಚ್ಚ ಹಿಡದೈತೇನ? ಪ್ರತಿ ಸಲಾ ಬರ್ತಾವು. ಅದೂ ಕೊನೀ ದೊಡ್ಡ ಪ್ರಶ್ನಿ!"

"ಬರ್ಲಿ. ಇದೊಂದ ಕಲಿಯೂದ್ರಾಗ ನಾ ಉಳಿದ ಮೂರ ಕಲೀತೀನಿ."

"ಆದ್ರ ಇದು ಇಂಪಾರ್ಟೆಂಟ್ ಐತಿ ಅಕ್ಕಾ!"

"ಯಾರಿಗೆ?" ಎಂದಳು. "ನಿನಗ ತೊಂಬತ್ತರ ಮ್ಯಾಲ ಬೇಕು, ನೀ ಓದು. ನನಗ ಅರವತ್ತ ಬೇಕು."

ಸಿಟ್ಟಿನಲ್ಲಿ ಹೇಳಿದ ಮಾತಲ್ಲ, ಸೋತು ಹೇಳಿದ್ದೂ ಅಲ್ಲ. ಇಂದು ಅಡುಗೆಗೆ ಏನು ಎಂದು ಹೇಳುವ ಹಾಗೆ ಹೇಳಿದಳು. ನನಗೆ ಆಗ ಅದು ಅರ್ಥವಾಗಲಿಲ್ಲ. ಪುಸ್ತಕದಲ್ಲಿ ಇರುವುದನ್ನು ಓದದೆ ಬಿಡುವುದೆಂದರೆ ಸೋಮಾರಿತನ ಎಂದು ನಂಬಿದ್ದವಳು ನಾನು. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ ಮೇಲೆ ಹೇಳುತ್ತೇನೆ, ಯಾವುದನ್ನು ಓದಬೇಕು ಎಂದು ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಯಾವುದನ್ನು ಬಿಡುತ್ತೇನೆ ಎಂದು ತಣ್ಣಗೆ ಹೇಳಿ, ಪರೀಕ್ಷೆಯ ದಿನದವರೆಗೂ ಅದೇ ಮಾತಿಗೆ ನಿಲ್ಲುವವರು ಅಪರೂಪ. ನನ್ನ ಕಣ್ಣಿಗೆ ಬಿದ್ದವಳು ಅವಳೊಬ್ಬಳೇ.

ನಾನು ಎಡಗಡೆಯ ಪಾಲು ಎತ್ತಿಕೊಂಡೆ, ಪ್ರಮೇಯ, ವೃತ್ತ, ನಕ್ಷೆ ಇದ್ದ ಪಾಲು. ಪ್ರಮೇಯಗಳು ನನಗೆ ಮೊದಲೇ ಬಾಯಿಪಾಠ, ಮೈ ನೋಯುವುದಿಲ್ಲ ಎಂಬ ಲೆಕ್ಕಾಚಾರ. ಶ್ರೇಢಿ, ರಚನೆ, ಸಂಖ್ಯಾಶಾಸ್ತ್ರ, ವರ್ಗ ಸಮೀಕರಣ ಅವಳಿಗೆ ಉಳಿದವು. ಮುತ್ಯಾ ಕೊನೆಯ ಕರಾರು ಹಾಕಿದ: ಯಾರ ಪಾಲು ಯಾರದೋ ಅದನ್ನು ಅವರು ಪೂರ್ತಿ ಕಲಿತು ಇನ್ನೊಬ್ಬರಿಗೆ ಹೇಳಿಕೊಡಬೇಕು. ಹೊಲ ಒಬ್ಬರದಾದರೂ ಕಾಳು ಇಬ್ಬರ ಮನೆಗೂ ಬರಬೇಕು ಎಂದ.

ಇಲ್ಲಿ ನನ್ನ ಲೆಕ್ಕ ತಲೆಕೆಳಗಾಯಿತು. ನಾನು ಕಲಿಸುವವಳು, ಅವಳು ಕಲಿಯುವವಳು ಎಂದು ಇಷ್ಟು ದಿನ ಇತ್ತಲ್ಲ, ಈಗ ಅರ್ಧ ಗಣಿತಕ್ಕೆ ಅವಳು ಒಡತಿ. ಶಾಲೆ ಬಿಟ್ಟ ಮೇಲೆ ಸರ್ ಸೈಕಲ್ ಹತ್ತುವವರೆಗೂ ಬಿಡದೆ ಅನುಮಾನ ಕೇಳುತ್ತಿದ್ದಳು. ಸಂಜೆ ಎಮ್ಮೆ ಹಿಂಡುತ್ತಾ ನನ್ನನ್ನು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದಳು. ಹಾಳೆ ಇಲ್ಲ, ಕಂಪಾಸು ಇಲ್ಲ.

"ವೃತ್ತಕ್ಕ ಹೊರಗಿನ ಬಿಂದುವಿನಿಂದ ಸ್ಪರ್ಶಕ ಎಳೀಬೇಕು. ಹೇಳು, ಏನ ಮಾಡ್ತಿ?"

"ಕೇಂದ್ರಾ, ಬಿಂದು ಕೂಡಸ್ತೀನಿ. ಮಧ್ಯಬಿಂದು ಹಿಡೀತೀನಿ. ಅಲ್ಲಿಂದ ಇನ್ನೊಂದ ವೃತ್ತ ಎಳೀತೀನಿ."

"ಇನ್ನೊಂದ ವೃತ್ತ ಯಾಕ?"

"ಯಾಕಂದ್ರ... ಹಂಗ ಎಳೀಬೇಕು."

ಹಾಲಿನ ಧಾರೆ ನಿಂತಿತು. ಎಮ್ಮೆಯ ಹೊಟ್ಟೆಯ ಮರೆಯಿಂದ ಅವಳ ಮುಖ ಹೊರಬಂತು. "ಅರ್ಧವೃತ್ತದಾಗಿನ ಕೋನ ಲಂಬಕೋನ. ಸ್ಪರ್ಶಕಕ್ಕ ತ್ರಿಜ್ಯ ಲಂಬ ಇರಬೇಕು. ಆ ಎರಡನೇ ವೃತ್ತ ಲಂಬಕೋನಾ ತಂದ ಕೊಡ್ತೈತಿ. ಅದಕ್ಕ. ನಿನ್ನಿ ಸರ್‌ಗ ಕೇಳಿಕೊಂಡ ಬಂದೀನಿ."

ಆ ರಚನೆಯನ್ನು ನಾನು ಹತ್ತಾರು ಸಲ ಮಾಡಿ ಪೂರ್ಣ ಅಂಕ ತೆಗೆದುಕೊಂಡಿದ್ದೆ. ಯಾಕೆ ಎಂದು ಗೊತ್ತಾಗಿದ್ದು ಆ ದಿನ ಕೊಟ್ಟಿಗೆಯಲ್ಲಿ. ಇನ್ನೊಬ್ಬರಿಗೆ ಹೇಳಿಕೊಡಬೇಕು ಎಂಬ ಒಂದೇ ಕಾರಣಕ್ಕೆ ಅವಳು ತನ್ನ ಪಾಲಿನ ಪಾಠಗಳನ್ನು ಬುಡದವರೆಗೆ ಅಗೆದಳು. ನನ್ನ ಪಾಲಿಗೆ ಬಂದಿದ್ದ ಪ್ರಮೇಯವನ್ನು ನಾನು ಗಿಳಿಯ ಹಾಗೆ ಒಪ್ಪಿಸಿದರೆ ಸುಮ್ಮನಿರುತ್ತಿರಲಿಲ್ಲ, ನಿಲ್ಲಿಸಿ ನಿಲ್ಲಿಸಿ ಕೇಳುತ್ತಿದ್ದಳು. ಆ ಕಾಟ ತಾಳಲಾರದೆ ನಾನೂ ಅರ್ಥ ಮಾಡಿಕೊಂಡೆ. ನಾನು ಮೇಷ್ಟ್ರಾಗಿದ್ದರೆ ಅದರ ಶ್ರೇಯಸ್ಸಿನಲ್ಲಿ ಅರ್ಧ ಅವಳದು. ಇನ್ನರ್ಧ ಆ ಎಮ್ಮೆಗಳದಿರಬೇಕು.

ಪರೀಕ್ಷೆ ಹತ್ತಿರ ಬಂದ ಹಾಗೆ ತರಗತಿಯವರಿಗೆಲ್ಲ ಜ್ವರ ಬಂದಂತಾಯಿತು. ದಿನಕ್ಕೊಂದು ಹೊಸ ಸುದ್ದಿ. ಶ್ರೇಢಿ ಈ ಸಲ ಬರುವುದಿಲ್ಲವಂತೆ, ಎರಡು ಪ್ರಮೇಯ ಬರುತ್ತವಂತೆ. ನಾನು ಪ್ರತಿ ಸುದ್ದಿಗೂ ಓಡಿ ಪುಸ್ತಕ ತೆರೆಯುತ್ತಿದ್ದೆ. ಅಕ್ಕ ತನ್ನ ಕಟ್ಟುಗಳನ್ನು ಬಿಟ್ಟು ಅತ್ತಿತ್ತ ನೋಡಲಿಲ್ಲ. ದೂರ ಇಟ್ಟಿದ್ದ ಆ ಕಟ್ಟಿನ ಮೇಲೆ ಧೂಳು ಕುಳಿತಿತ್ತು. ಒಂದು ದಿನ ಗಾಳಿಗೆ ಹಾರಿ ಅವಳ ಕಾಲಬುಡಕ್ಕೇ ಬಂದು ಬಿತ್ತು. ಅದನ್ನು ಎತ್ತಿ ಮತ್ತೆ ಗೂಡಿನಲ್ಲಿಟ್ಟು ಮೇಲೊಂದು ಕಲ್ಲು ಹೇರಿದಳು.

ಪರೀಕ್ಷಾ ಕೇಂದ್ರ ನಮ್ಮೂರಿನಿಂದ ದೂರವಿತ್ತು. ದೊಡ್ಡಪ್ಪನೇ ಬೈಕಿನಲ್ಲಿ ಇಬ್ಬರನ್ನೂ ಕರೆದುಕೊಂಡು ಹೋದ. ಗಣಿತದ ದಿನ ಪತ್ರಿಕೆ ಕೈಗೆ ಬಂದ ತಕ್ಷಣ ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕೊನೆಯ ದೊಡ್ಡ ಪ್ರಶ್ನೆ ಗೋಪುರದ್ದೇ. ತಲೆಯೆತ್ತಿ ಅಕ್ಕನನ್ನು ಹುಡುಕಿದೆ. ಮುಂದಿನ ಸಾಲಿನಲ್ಲಿದ್ದ ಅಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ತಲೆ ಬಗ್ಗಿಸಿ ಬರೆಯುತ್ತಿದ್ದಳು. ಆಮೇಲೆ ಆ ಗೋಪುರ ನನ್ನನ್ನೇ ಹಿಡಿದು ನಿಲ್ಲಿಸಿತು. ಕೋನ ತಪ್ಪು ಗುರುತಿಸಿ, ಹೊಡೆದುಹಾಕಿ, ಮತ್ತೆ ಮಾಡಿ, ಬೆವರು ಸುರಿಸಿ ಮುಗಿಸಿದಾಗ ಗಂಟೆ ಬಾರಿಸಿತು.

ಹೊರಗೆ ಬಂದರೆ ಗೇಟಿನ ಹತ್ತಿರ ಹುಡುಗಿಯರ ಗೋಳು. ಎಲ್ಲರ ಬಾಯಲ್ಲೂ ಕೊನೆಯ ಪ್ರಶ್ನೆ. ಅಕ್ಕ ನಳದ ಬಳಿ ಕೈಗೆ ಹತ್ತಿದ ಶಾಯಿ ತೊಳೆಯುತ್ತಿದ್ದಳು.

"ಯಾಕ ಅಳಾಕತ್ತಾರ ಇವರೆಲ್ಲಾ? ಕೊನೀದ್ರಾಗ ಏನ ಕೇಳಿದ್ರು?" ಎಂದು ನನ್ನನ್ನೇ ಕೇಳಿದಳು.

"ನೀ ಓದಲಿಲ್ಲೇನು?"

"ಓದಿದ್ರ ಮನಸ್ಸ ಅಲ್ಲೇ ಕುಂಡ್ರತಿತ್ತು. ಗೋಪುರ ಅಂತ ಕಂಡ್ತು, ಪುಟಾ ಹೊಳ್ಳಿಸಿಬಿಟ್ಟೆ."

ನಾನು ಗಣಿತದಲ್ಲಿ ಪದವಿ ಪಡೆದೆ, ಮತ್ತೊಂದು ಪದವಿಯನ್ನೂ ಪಡೆದೆ. ಎದುರಿಗಿರುವ ಪ್ರಶ್ನೆಯನ್ನು ಓದದೆ ಪುಟ ತಿರುಗಿಸುವ ಶಕ್ತಿ ನನಗೆ ಇಂದಿಗೂ ಬಂದಿಲ್ಲ.

ಆದರೆ ಅವಳ ಮುಖದಲ್ಲಿ ನಿಶ್ಚಿಂತೆ ಇರಲಿಲ್ಲ. ಮನೆಗೆ ಬಂದು ಮುತ್ಯಾನ ಎದುರು ಕುಳಿತು ಒಂದೊಂದೇ ಪ್ರಶ್ನೆಗೆ ಎಷ್ಟು ಬಂದೀತು ಎಂದು ಕೂಡಿಸಿದಳು. ಶ್ರೇಢಿಯ ಲೆಕ್ಕದಲ್ಲಿ, ತನ್ನದೇ ಪಾಲಿನ ಪಾಠದಲ್ಲಿ, ಕಳೆಯುವಲ್ಲಿ ಕೂಡಿಸಿ ಬಂದಿದ್ದಳು. ಶಾಲೆಯವರು ಕೊಡುವ ಆಂತರಿಕ ಅಂಕ ಸೇರಿಸಿದರೂ ಮೊತ್ತ ಅರವತ್ತರ ಅಂಚಿನಲ್ಲಿ ನಿಂತಿತು.

"ಒಂದೆರಡ ಈಚೆನೂ ಬೀಳಬಹುದು ಮುತ್ಯಾ, ಆಚೆನೂ ಬೀಳಬಹುದು," ಎಂದಳು. ಮುತ್ಯಾ ಅವಳ ತಲೆಯ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಡಿಪ್ಲೊಮಾದ ವಿಷಯ ಅವನಿಗೂ ಗೊತ್ತಾಗಿತ್ತು ಎಂದು ಕಾಣುತ್ತದೆ. ಅವಳು ಹೇಳಿದ್ದಳೋ, ಅವನೇ ಊಹಿಸಿದ್ದನೋ ನಾನು ಕೇಳಲಿಲ್ಲ.

ಫಲಿತಾಂಶದ ದಿನ ಅಪ್ಪನ ಫೋನು ಹಿಡಿದು ನಾವಿಬ್ಬರೂ ಪಡಸಾಲೆಯಲ್ಲಿ ಕುಳಿತಿದ್ದೆವು. ಪುಟ ತೆರೆಯದು. ಗುಂಡಗೆ ತಿರುಗಿದ್ದೇ ತಿರುಗಿದ್ದು. ದೊಡ್ಡಪ್ಪ ಹೊಲದಿಂದ ಬಂದು, ಕಾಲು ತೊಳೆದು, ಏನಾತು ಎಂದು ಕೇಳಿದ. ದೊಡ್ಡವ್ವ ಕೋಲೂರಿ ಬಾಗಿಲಿಗೆ ಬಂದು ನಿಂತಳು. ಕೊನೆಗೆ ನನ್ನದು ತೆರೆಯಿತು, ನಾನು ಬಯಸಿದಷ್ಟೇ ಬಂದಿತ್ತು. ಆಮೇಲೆ ಅವಳ ನಂಬರು ಹಾಕಿದೆ. ಗಣಿತದ ಸಾಲಿಗೆ ಕಣ್ಣು ಹೋಯಿತು.

ಅರವತ್ತಮೂರು.

ನಾನು ಕಿರುಚಿಕೊಂಡೆ. ಅವಳು ಕಿರುಚಲಿಲ್ಲ. ಸೆರಗಿನಂತೆ ಹೊದ್ದಿದ್ದ ಓಢಣಿಯ ಅಂಚನ್ನು ಬಾಯಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಂದು ಸಲ ಉದ್ದಕ್ಕೆ ಉಸಿರು ಬಿಟ್ಟಳು. ದೊಡ್ಡಪ್ಪ ಫೋನು ಇಸಿದುಕೊಂಡು, ಕಣ್ಣಿನಿಂದ ದೂರ ಹಿಡಿದು ಒಂದೊಂದೇ ಸಾಲು ಓದಿದ.

"ಉಳಿದದ್ರಾಗ ಎಲ್ಲಾ ಛಲೋ ಬಂದಾವು," ಎಂದ. "ಗಣಿತದಾಗಷ್ಟ ಯಾಕ ಕಡಿಮಿ?"

"ಬೇಕಾದಷ್ಟ ಅದಾವಪ್ಪಾ."

"ಯಾತಕ್ಕ ಬೇಕಾದಷ್ಟು?"

ಅಕ್ಕ ಎದ್ದು ನಿಂತಳು. ದನದ ಡಾಕ್ಟರ ಓದು, ಸೀಟು, ಅಂಕ, ಹಾಸ್ಟೆಲ್ಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ತಲೆ ತಗ್ಗಿಸಲಿಲ್ಲ, ದನಿ ಏರಿಸಲಿಲ್ಲ, ದಯಮಾಡಿ ಎನ್ನಲಿಲ್ಲ. ತನ್ನ ಅವ್ವನ ಔಷಧಿಯನ್ನು ಯಾರು ಯಾವಾಗ ಕೊಡಬೇಕು ಎಂಬುದನ್ನೂ ನನ್ನ ಅವ್ವನ ಹತ್ತಿರ ಮಾತಾಡಿ ಇಟ್ಟಿದ್ದಳಂತೆ, ಅದನ್ನೂ ಹೇಳಿದಳು. ಎಮ್ಮೆಗಳ ಮಾತು ಬಂದಾಗ ಮಾತ್ರ ಅವಳ ಹತ್ತಿರ ಉತ್ತರವಿರಲಿಲ್ಲ.

ದೊಡ್ಡಪ್ಪನ ಕಣ್ಣು ಇನ್ನೂ ಫೋನಿನ ಮೇಲೇ ಇತ್ತು. ಅದರ ಬೆಳಕು ಆರಿಹೋಗಿತ್ತು. ಅಷ್ಟು ಪಂಚಾಯ್ತಿ ಮಾಡಿದ ಮುತ್ಯಾ ಆ ದಿನ ತೀರ್ಮಾನವನ್ನು ಮಗನಿಗೇ ಬಿಟ್ಟ.

"ಎಷ್ಟ ವರ್ಷದ್ದು ಅದು?" ಎಂದು ಕೇಳಿದ ದೊಡ್ಡಪ್ಪ.

"ಎರಡ ವರ್ಷಪ್ಪಾ."

ಅವನು ಎದ್ದು ಹಿತ್ತಲ ಬಾಗಿಲವರೆಗೆ ಹೋಗಿ ಕೊಟ್ಟಿಗೆಯ ಕಡೆ ನೋಡುತ್ತಾ ನಿಂತ. ಆಮೇಲೆ, ನಮಗೆ ಬೆನ್ನು ಹಾಕಿಕೊಂಡೇ, ಹೇಳಿದ:

"ನಾಳಿ ಮುಂಜಾನಿ ನನ್ನ ಎಬ್ಬಸು. ಹಾಲ ಹೆಂಗ ಹಿಂಡೂದು ಹೇಳಿಕೊಡು."